ಕತ್ತರಿ ಮೇಜಿನ ಕೆಳಗಿನ ಪುಟ್ಟ ಮನೆ

ಮಧ್ಯಾಹ್ನದ ಊಟ ಆಗಿತ್ತು, ಗಿರಾಕಿಗಳೂ ಇರಲಿಲ್ಲ. ಟೈಲರಣ್ಣ ಕಿಟಕಿ ಪಕ್ಕ ಆರಾಮಾಗಿ ಸಿಗರೇಟು ಸೇದ್ತಾ ಕೂತಿದ್ದ. ಬಿಸಿಲಲ್ಲಿ ಹೊಗೆ ಮೆಲ್ಲಗೆ ಸುತ್ತುತ್ತಿತ್ತು. ನೋಡ್ತಾ ನೋಡ್ತಾ ಅವನಿಗೆ ಜೊಂಪು ಹತ್ತಿತು, ಅಂಗಡಿಯೇ ತೇಲ್ತಿರೋ ಹಾಗನ್ನಿಸಿತು.

ಬೆಳಿಗ್ಗೆ ಮಹಡಿ ಮನೆಯ ನರ್ಸಕ್ಕ ಹೇಳಿದ್ದು ನೆನಪಾಗಿ ನಗು ಬಂತು. "ಮಗು ಮುಂದೆ ಸೇದಬೇಡಪ್ಪ. ಹಿರಿಯಕ್ಕನ ಚಾಳಿ ಮನೆಮಂದಿಗೆಲ್ಲ."

"ಅಯ್ಯೋ ಬಿಡಿ ಅಕ್ಕಾ, ಕಿಟಕಿ ಹತ್ರ ತಾನೇ ಸೇದೋದು! ಅವಳ ಲೋಕವೇ ಬೇರೆ," ಅಂದಿದ್ದ ಇವನು.

ಅವಳ ಲೋಕ ಇದ್ದದ್ದು ಬಟ್ಟೆ ಕತ್ತರಿಸೋ ಮೇಜಿನ ಕೆಳಗೆ. ಎಲ್ಲರೂ ಮುದ್ದಿನಿಂದ ಗುಬ್ಬಿ ಅಂತ ಕರೆಯೋ ಅವನ ಪುಟ್ಟ ಮಗಳು ಅಲ್ಲೊಂದು ಮನೆ ಕಟ್ಟಿದ್ದಳು. ಗೋಡೆಗೆ ಅಪ್ಪ ಕೊಟ್ಟ ಖಾಲಿ ಸಿಗರೇಟು ಪ್ಯಾಕು, ಒಳಗೆ ಚಿಂದಿ ಬಟ್ಟೆಯ ಬೊಂಬೆಗಳು.

ಜೊಂಪಿನಲ್ಲೇ ಅವಳ ದನಿ ಎಲ್ಲೋ ದೂರದಿಂದ ಬಂದ ಹಾಗೆ ಕೇಳಿಸಿತು. ಅರೆಗಣ್ಣು ತೆರೆದು ಅತ್ತ ನೋಡಿದ.

"ಇದು ಅಪ್ಪ. ಅಪ್ಪಂಗೆ ಸುಸ್ತಾಗಿದೆ. ತಗೋ ಅಪ್ಪ." ಕಾಗದದ ಸುರುಳಿಯೊಂದನ್ನ ಬೊಂಬೆ ಬಾಯಿಗಿಟ್ಟಳು. "ಇದು ಗುಬ್ಬಿ. ಈಗ ದೊಡ್ಡೋಳಾಗಿದ್ದಾಳೆ. ಅವಳಿಗೂ ಸುಸ್ತಾಗಿದೆ."

ಆಮೇಲೆ ತಾನೂ ಒಂದು ಸುರುಳಿ ಬಾಯಿಗಿಟ್ಟು, ಥೇಟ್ ಅಪ್ಪನ ಹಾಗೇ ಒಂದು ಕಣ್ಣು ಕಿರಿದು ಮಾಡಿ 'ಉಫ್' ಅಂದಳು. ಹಿಂದೆಯೇ ಕೆಮ್ಮು ಬಂತು. ಅದು ಮಾತ್ರ ಆಟದ ಕೆಮ್ಮಲ್ಲ.

ಟೈಲರಣ್ಣನ ಜೊಂಪು ಹಾರಿಹೋಯಿತು. ಸಿಗರೇಟು ಹೊಸಕಿ ಹಾಕಿ ಸೀದಾ ಮಹಡಿ ಹತ್ತಿದ.

ನಡೆದದ್ದನ್ನೆಲ್ಲ ಕೇಳಿಸಿಕೊಂಡ ನರ್ಸಕ್ಕ ಬೈಯಲಿಲ್ಲ. "ಕಿಟಕಿ ಹತ್ರ ಸೇದಿದ್ರೂ ಹೊಗೆ ಒಳಗೂ ಬರತ್ತೆ, ಬಟ್ಟೆಗೂ ಹಿಡಿಯತ್ತೆ. ಮಕ್ಕಳ ಎಳೇ ಶ್ವಾಸಕೋಶಕ್ಕೆ ಅದು ಕೆಟ್ಟದ್ದು. ಹೊರಗೆ ಹೋಗಿ ಸೇದಿದ್ರೂ ಅವಳು ನೋಡೇ ನೋಡ್ತಾಳೆ. ಸುಸ್ತಾದ್ರೆ ಸೇದಬೇಕು ಅಂತ ಕಲೀತಾಳೆ."

"ಒಂದ್ಸಲ ಬಿಟ್ಟು ಮತ್ತೆ ಹಿಡ್ಕೊಂಡೆ ಅಕ್ಕಾ. ನನ್ನ ಕೈಲಿ ಆಗತ್ತಾ?"

"ಮತ್ತೆ ಬಿಡು. ಎಷ್ಟೋ ಜನ ಹಾಗೇ ಬಿಟ್ಟಿದ್ದಾರೆ. ಆಸ್ಪತ್ರೆಗೆ ಬಾ. ಸಲಹೆ ಕೊಡ್ತಾರೆ, ಬೇಕಿದ್ರೆ ಔಷಧಿನೂ ಇದೆ."

ವಿಷಯ ಕೇಳಿ ಹೆಂಡತಿಗೆ ನಗುವೂ ಬಂತು, ಅಳುವೂ ಬಂತು. "ಸಿಗರೇಟು ಬಿಟ್ಟು ಸಿಡಿಮಿಡಿ ಆದಾಗ ನನ್ನ ಜೊತೆ ಜಗಳ ಆಡಿ, ಪರವಾಗಿಲ್ಲ. ನಾಳೆ ಒಟ್ಟಿಗೇ ಆಸ್ಪತ್ರೆಗೆ ಹೋಗೋಣ."

ಸಂಜೆ ಟೈಲರಣ್ಣ ಮೈ ಕುಗ್ಗಿಸಿಕೊಂಡು ಮೇಜಿನ ಕೆಳಗೆ ನುಸುಳಿದ. "ಅಪ್ಪ ಮಾಡ್ತಿದ್ದದ್ದು ಒಳ್ಳೇದಲ್ಲ ಮಗಳೇ. ಬಿಡೋಕೆ ಕಷ್ಟ. ಆದ್ರೂ ಬಿಡ್ತೀನಿ."

ಗುಬ್ಬಿ ಯೋಚಿಸಿದಳು. "ಹಾಗಾದ್ರೆ ಸುಸ್ತಾದಾಗ ಅಪ್ಪ ಏನ್ಮಾಡ್ತಾರೆ?"

ಅವನು ಅವಳನ್ನ ತೊಡೆಮೇಲೆ ಎಳ್ಕೊಂಡು, "ಇಲ್ಲಿ ಬಂದು ಕೂತ್ಕೋತಾರೆ," ಅಂದ.

ಅಣ್ಣಂದಿರೇ, ಅಕ್ಕಂದಿರೇ, ದಣಿದು ಮನೆಗೆ ಬಂದಾಗ ನೀವು ಏನು ಮಾಡ್ತೀರಿ ಅಂತ ನಿಮ್ಮ ಮಕ್ಕಳು ನೋಡ್ತಿರ್ತಾರೆ. ಅವರ ಎದುರು ಸೇದಬೇಡಿ. ಸಿಗರೇಟು ತರೋಕೆ ಅವರನ್ನ ಅಂಗಡಿಗೆ ಕಳಿಸಬೇಡಿ, ಖಾಲಿ ಪ್ಯಾಕು ಆಟಕ್ಕೆ ಕೊಡಬೇಡಿ. ಬಿಡೋಕೆ ಆಗ್ತಿಲ್ವಾ? ನಾಚಿಕೆ ಬೇಡ, ಹತ್ತಿರದ ಆಸ್ಪತ್ರೆಯಲ್ಲಿ ಕೇಳಿ. ನಾಳೆ ನೋಡೋಣ ಅನ್ನಬೇಡಿ. ಮಗು ಇವತ್ತೇ ಕಲೀತಿದೆ.