ಬಾಗಿಲಿನ ಚಿತ್ರ

“ಈ ಬಾಯಿ ಯಾವಾಗ ಬಂತೋ ನಿನಗೆ? ಜೊಲ್ಲುಬುರುಕ ನನ್ಮಗನೆ! ಹುಟ್ಟಿದಾಗಿಂದ ಬಿಚ್ಚದ ಬಾಯಿ, ಈಗ ನನ್ನ ಅನ್ನದ ಮೇಲೇ ಬಿಚ್ಚುತ್ತಾ?”

ಸತ್ತ ಇಲಿಯನ್ನು ಬಾಲದಲ್ಲಿ ಹಿಡಿದಂತೆ ಮ್ಯಾನೇಜರ್ ನನ್ನ ಫೋನನ್ನು ಎರಡು ಬೆರಳಲ್ಲಿ ಹಿಡಿದಿದ್ದ. ನಾನು ಕೊಡಬೇಕಾದ ಉತ್ತರವೆಲ್ಲ ಆ ಫೋನಿನೊಳಗಿತ್ತು.

“ಸಾರ್, ಅದು ಅವನ ನಾಲಗೆ ಸಾರ್. ಕೊಟ್ಬಿಡಿ,” ಎಂದು ಶೆಡ್ಡಿನ ಆ ತುದಿಯಿಂದ ಅಕ್ಕ ಕೂಗಿದಳು.

“ನೀನು ಮುಚ್ಕೊಂಡು ಮುಚ್ಚಳ ಹಾಕಮ್ಮ.”

ಫೋನು ಅವನ ಪ್ಯಾಂಟಿನ ಜೇಬಿಗೆ ಹೋಯಿತು. ನಾನು ಅರ್ಧ ಒತ್ತಿದ್ದ ವಾಕ್ಯವನ್ನು ಅದು ಜೇಬಿನೊಳಗಿಂದಲೇ ಓದಿತು. “ಸಾರ್, ದಯವಿಟ್ಟು ಒಂದು ಸಲ ಬೀ…” ಯಾರೋ ಕಿಸಕ್ಕೆಂದರು. ಮ್ಯಾನೇಜರ್ ತನ್ನ ತೊಡೆಗೆ ತಾನೇ ಹೊಡೆದುಕೊಂಡು ಅದರ ಬಾಯಿ ಮುಚ್ಚಿಸಿದ.

ನಮ್ಮದು ಒಂದು ಟ್ರಸ್ಟಿನ ಶೆಡ್ಡು. ಗಾಜು ಒರೆಸುವ ದ್ರಾವಣವನ್ನು ಬಾಟಲಿಗೂ ಪೊಟ್ಟಣಕ್ಕೂ ತುಂಬುವುದು ಕೆಲಸ. ಸ್ಪಿರಿಟ್ಟಿನ ವಾಸನೆ ನಮ್ಮ ಬಟ್ಟೆ, ತಲೆಗೂದಲು, ಅನ್ನದ ತಟ್ಟೆ ಎಲ್ಲಕ್ಕೂ ಹತ್ತಿದೆ. ಹೊರಗಿನ ಬೋರ್ಡಿನಲ್ಲಿ ‘ಪುನರ್ವಸತಿ ಕೇಂದ್ರ’ ಎಂದಿದೆ. ಆದ್ದರಿಂದ ಇಲ್ಲಿ ಸಂಬಳಕ್ಕೆ ಪ್ರೋತ್ಸಾಹಧನ ಎನ್ನುತ್ತಾರೆ, ಬೈಗುಳಕ್ಕೆ ತರಬೇತಿ ಎನ್ನುತ್ತಾರೆ.

ನನ್ನ ಕೈಗಳೂ ನಾಲಗೆಯೂ ನನ್ನ ಮಾತು ಕೇಳುವುದಿಲ್ಲ. ಬಲಗಾಲು ಕೇಳುತ್ತದೆ. ಗಾಲಿಕುರ್ಚಿಯಲ್ಲಿ ಕೂತು ಆ ಕಾಲಿನಿಂದ ಸೀಲಿಂಗ್ ಮೆಷಿನ್ನಿನ ಪೆಡಲ್ ಒತ್ತುತ್ತೇನೆ. ಕಾದ ಪಟ್ಟಿ ಇಳಿದು ಪೊಟ್ಟಣದ ಬಾಯಿ ಅಂಟಿಸುತ್ತದೆ. ಎದುರು ನಿಂತು ಪೊಟ್ಟಣ ಒಡ್ಡುವವನು ಸೈರನ್. ಅವನು ಹುಟ್ಟು ಕಿವುಡ. ತನ್ನ ನಗು ಎಷ್ಟು ಜೋರು ಎಂದು ಅವನಿಗೇ ಗೊತ್ತಿಲ್ಲದ್ದರಿಂದ ಆ ಹೆಸರು ಬಂತು. ಅಕ್ಕ, ನನ್ನ ಒಡಹುಟ್ಟಿದವಳು, ಕಣ್ಣು ಕಾಣದವಳು, ಹಿಂದಿನ ಗೋಡೆಗೆ ಬೆನ್ನು ಕೊಟ್ಟು ಬಾಟಲಿಗಳಿಗೆ ಮುಚ್ಚಳ ತಿರುಗಿಸುತ್ತಾಳೆ. ಶೆಡ್ಡಿಗೆ ಇರುವುದು ಒಂದೇ ಬಾಗಿಲು, ಮೇಲಿನಿಂದ ಎಳೆಯುವ ಕಬ್ಬಿಣದ ಶಟರ್. ಬೆಳಿಗ್ಗೆ ನಾವು ಒಳಗೆ ಬಂದ ಮೇಲೆ ವಾಚ್‌ಮನ್ ಅದನ್ನು ಕೊಕ್ಕೆಯಿಂದ ಎಳೆದು ಹೊರಗಡೆ ಬೀಗ ಜಡಿಯುತ್ತಾನೆ. ಹಿಂದೆ ಯಾರೋ ಒಬ್ಬ ಹುಡುಗಿ ದಾರಿ ತಪ್ಪಿ ರಸ್ತೆಗೆ ಹೋಗಿ ಲಾರಿಗೆ ಸಿಕ್ಕಿದ್ದಳಂತೆ. ಅಂದಿನಿಂದ ಬೀಗ ನಮ್ಮ ಒಳ್ಳೆಯದಕ್ಕೇ.

ಹೋದ ತಿಂಗಳು ನನ್ನ ಮೆಷಿನ್ನಿನ ವೈರಿನಿಂದ ಕಿಡಿ ಹಾರಿ ಒರೆಸುವ ಬಟ್ಟೆಗೆ ಬಿತ್ತು. ಸ್ಪಿರಿಟ್ಟಿನ ಬೆಂಕಿ ಹಗಲು ಬೆಳಕಿನಲ್ಲಿ ಸರಿಯಾಗಿ ಕಾಣುವುದಿಲ್ಲ. ಬಟ್ಟೆ ತಾನಾಗಿಯೇ ಅಂಚಿನಿಂದ ಕಪ್ಪಾಗುತ್ತ ಬಂದದ್ದನ್ನಷ್ಟೇ ಕಂಡೆ. ಸೈರನ್ ಅಂಗಿ ಬಿಚ್ಚಿ ಬಡಿದು ಬಡಿದು ಆರಿಸಿದ. ಮಿಕ್ಕವರು ಶಟರ್ ಬಡಿದರು. ವಾಚ್‌ಮನ್ ಟೀ ಕುಡಿಯಲು ಹೋಗಿದ್ದ.

ನಮ್ಮನ್ನು ಪರೀಕ್ಷಿಸಲು ಬಂದ ಡಾಕ್ಟರಿಗೆ ಅಕ್ಕ ಇದನ್ನೆಲ್ಲ ಹೇಳಿದಳು. “ಕಣ್ಣೇ ಕಾಣದವಳು ಬೀಗ ಕಂಡ್ಯಾ ತಾಯಿ?” ಎಂದ ಮ್ಯಾನೇಜರ್. ಡಾಕ್ಟರೂ ನಕ್ಕರು. ಸೈರನ್ ಸುಟ್ಟ ಅಂಗೈ ಚಾಚಿದ. “ಬೇಡ ಅಂದ್ರೂ ಬಿಸಿ ಪಟ್ಟಿ ಮುಟ್ತಾನೆ ಸಾರ್, ಮಂಗನ್ ಜಾತಿ,” ಎಂದ ಮ್ಯಾನೇಜರ್. ಮಿಕ್ಕವರಿಗೆ ಕೆಲಸ ಹೋಗುವ ಭಯ. ಕಂಡವನೂ ಹೇಳಬಲ್ಲವನೂ ಆಗಿ ಉಳಿದವನು ನಾನೊಬ್ಬ. ಅದಕ್ಕೇ ಟ್ರಸ್ಟಿನ ಅಧ್ಯಕ್ಷರ ಹೆಂಡತಿ ಬಂದ ದಿನ ಫೋನಿನಲ್ಲಿ ಒತ್ತಿಟ್ಟುಕೊಂಡಿದ್ದನ್ನು ಅವರ ಮುಂದೆ ಓದಿಸಿದೆ. ‘ನಮ್ಮನ್ನು ಒಳಗೆ ಕೂಡಿ ಹೊರಗೆ ಬೀಗ ಹಾಕುತ್ತಾರೆ. ಈ ಮೆಷಿನ್ನಿನಿಂದ ಬೆಂಕಿ ಬಿದ್ದಿತ್ತು. ಮತ್ತೆ ಬಿದ್ದರೆ ಯಾರೂ ಉಳಿಯುವುದಿಲ್ಲ.’

“ಅಯ್ಯೋ, ಎಷ್ಟು ಚೆಂದ ಮಾತಾಡುತ್ತೆ ರೀ ಇದು! ಎಲ್ಲಿ, ಇನ್ನೊಂದ್ಸಲ ಹೇಳ್ಸಿ,” ಎಂದು ಆಕೆ ಚಪ್ಪಾಳೆ ತಟ್ಟಿದರು. ಇನ್ನೊಂದು ಸಲ ಹೇಳಿಸಿದೆ. ಇನ್ನೊಂದು ಸಲ ಚಪ್ಪಾಳೆ. ಕೇಳಿಸಿಕೊಂಡವನು ಮ್ಯಾನೇಜರ್ ಮಾತ್ರ. ಆಕೆಯ ಕಾರು ಗೇಟು ದಾಟಿದ ಮೇಲೆ ಅವನು ಬಂದು ಫೋನು ಕಿತ್ತುಕೊಂಡ.

ಆ ಫೋನಿನಲ್ಲಿದ್ದದ್ದು ಒತ್ತಿದ ಅಕ್ಷರಗಳನ್ನು ಓದಿ ಹೇಳುವ, ಯಾರಿಗಾದರೂ ಪುಕ್ಕಟೆ ಸಿಗುವ ಒಂದು ಪ್ರೋಗ್ರಾಮು. ಬರೆದವರು ಅದರ ಒಡಲಿನ ಕೋಡನ್ನು ತೆರೆದೇ ಇಟ್ಟಿದ್ದರು. ಬೇಕಾದವರು ಒಳಹೊಕ್ಕು ತಿದ್ದಬಹುದಿತ್ತು. ಅಕ್ಕ ತಿದ್ದಿದ್ದಳು. ಅವಳಿಗೆ ಮೊದಲು ಟೆಲಿಫೋನ್ ಆಪರೇಟರ್ ಕೆಲಸವಿತ್ತು. ಪರದೆ ಮೇಲಿನದನ್ನೆಲ್ಲ ಕಿವಿಗೆ ಓದಿಸಿಕೊಂಡು ಕಂಪ್ಯೂಟರ್ ನಡೆಸುವುದನ್ನು ಆಗ ಕಲಿತಿದ್ದಳು. ನನ್ನ ಬೆರಳ ಗೆಣ್ಣು ನಡುಗಿ ಒಂದೇ ಅಕ್ಷರವನ್ನು ಮೂರು ಸಲ ಒತ್ತುತ್ತಿತ್ತು. ಆ ಮೂರನ್ನೂ ಒಂದೇ ಎಂದು ಎಣಿಸುವಂತೆ ಮಾಡಿದಳು. ಅದರದ್ದು ತಗಡಿನ ದನಿ. ಪ್ರೀತಿಯನ್ನೂ ಸಿಟ್ಟನ್ನೂ ಒಂದೇ ರಾಗದಲ್ಲಿ ಒಪ್ಪಿಸುತ್ತಿತ್ತು. ಆದರೆ ನಾನು ಒತ್ತಿದ್ದನ್ನು ಬಿಟ್ಟು ಒಂದಕ್ಷರ ಹೆಚ್ಚು ಹೇಳುತ್ತಿರಲಿಲ್ಲ, ಒಂದಕ್ಷರ ನುಂಗುತ್ತಲೂ ಇರಲಿಲ್ಲ. “ಬೈಯಕ್ಕೆ ಬರದೋನಿಗೆ ಮಾತು ಬಂತು ಅನ್ನಕ್ಕಾಗಲ್ಲ ಕಣೋ,” ಎಂದು ಅಕ್ಕ ಒಂದು ಭಾನುವಾರ ಕೂತು ಅದಕ್ಕೆ ಬೈಗುಳಗಳನ್ನು ಸ್ಪಷ್ಟವಾಗಿ ಉಚ್ಚರಿಸಲು ಕಲಿಸಿದಳು. ತಗಡು ದನಿಯಲ್ಲಿ ‘ಬೋಳಿಮಗನೆ’ ಕೇಳಲು ಊಟದ ಹೊತ್ತಿಗೆ ಶೆಡ್ಡಿನವರೆಲ್ಲ ನನ್ನ ಕುರ್ಚಿಗೆ ಮುತ್ತಿಕೊಳ್ಳುತ್ತಿದ್ದರು.

ಫೋನು ಹೋದ ಮೇಲೆ ನನಗೂ ಅಕ್ಕನಿಗೂ ನಡುವೆ ದಾರಿ ಮುಚ್ಚಿತು. ನನ್ನ ಮುಖ ಅವಳಿಗೆ ಕಾಣುವುದಿಲ್ಲ, ಅವಳಿಗೆ ಕೇಳಿಸುವಂಥದ್ದು ನನ್ನಲ್ಲಿಲ್ಲ. ಚಿಕ್ಕಂದಿನ ಒಂದು ಉಪಾಯ ಮಾತ್ರ ಇತ್ತು. ಅವಳ ಅಂಗೈಗೆ ಗೆಣ್ಣು ಒಮ್ಮೆ ಒತ್ತಿದರೆ ಹೌದು, ಎರಡು ಸಲ ಒತ್ತಿದರೆ ಇಲ್ಲ. ನಡುಗುವ ಗೆಣ್ಣಿಗೆ ಒಂದಕ್ಕೂ ಎರಡಕ್ಕೂ ಅಂಥ ವ್ಯತ್ಯಾಸವಿಲ್ಲ.

“ಉಂಡ್ಯೇನೋ?… ಇದು ಹೌದೋ, ಇಲ್ಲವೋ? ನಿನ್ನ ಕೈಯೋ, ನೀರಿಗೆ ಬಿದ್ದ ಕೋಳಿಯೋ ಇದು!” ಅಕ್ಕ ನಕ್ಕಳು. ಆಮೇಲೆ ದನಿ ತಗ್ಗಿಸಿದಳು. “ಹೆದರಬೇಡ. ಅವನು ಕಿತ್ಕೊಂಡಿದ್ದು ಡಬ್ಬಿ ಮಾತ್ರ. ಪ್ರೋಗ್ರಾಮು ಯಾರಪ್ಪನ ಆಸ್ತೀನೂ ಅಲ್ಲ. ನಾನು ತಿದ್ದಿದ್ದನ್ನೂ ಬರೆದೋರಿಗೇ ಕಳಿಸಿದೀನಿ, ಅದರೊಳಗೇ ಸೇರಿಸ್ಕೊಂಡಿದಾರೆ. ಯಾವ ಫೋನಿಗಾದ್ರೂ ಇಳಿಸ್ಕೊಬೋದು. ಒಂದು ಫೋನ್ ಸಿಗಲಿ, ಸಾಕು.”

ಸಿಗಲಿಲ್ಲ. ಮರುದಿನವೇ ಎಲ್ಲರ ಫೋನುಗಳನ್ನೂ ಆಫೀಸಿನಲ್ಲಿ ಇಟ್ಟುಕೊಂಡರು. ಶೆಡ್ಡಿನ ಹಿಂದಿನ ಹಾಸ್ಟೆಲಿನಲ್ಲೇ ನಮ್ಮ ವಾಸ. ಅಲ್ಲಿ ಹಾಸಿಗೆ ಮಗುಚಿ, ಪೆಟ್ಟಿಗೆ ಬಿಚ್ಚಿ ಹುಡುಕಿದರು.

ಆ ವಾರವೇ ಹೊಸ ಯಂತ್ರ ರಿಬ್ಬನ್ ಕಟ್ಟಿಸಿಕೊಂಡು ಬಂತು. ಯಾವುದೋ ಕಂಪನಿಯ ದಾನ. ಗಾಲಿಕುರ್ಚಿಯ ತೋಳಿಗೆ ಕಚ್ಚಿಸುವ ಹೊಳೆಯುವ ಹಲಗೆ, ಅದರ ತುಂಬ ಮುಟ್ಟಿದರೆ ಮಾತಾಡುವ ಚಿತ್ರಗಳು: ಲೋಟ, ತಟ್ಟೆ, ಕಕ್ಕಸು, ಹಾಸಿಗೆ, ನಗುವ ಮುಖ, ಅಳುವ ಮುಖ, ಜೋಡಿಸಿದ ಕೈಗಳು. ಕಲಿಸಲು ಬಂದ ಕಂಪನಿಯ ಮೇಡಂ ಒಳ್ಳೆಯ ಹೆಂಗಸು. ನನ್ನ ಜೊಲ್ಲನ್ನು ತಮ್ಮ ಕರವಸ್ತ್ರದಲ್ಲೇ ಒರೆಸಿದರು. ನನ್ನ ಕೈ ಹಿಡಿದು ಲೋಟ ಮುಟ್ಟಿಸಿದರು.

“ನಂಗೆ ನೀರು ಬೇಕು!” ಎಂದಿತು ಯಂತ್ರ. ಐದಾರು ವರ್ಷದ ಮಗುವಿನ ದನಿ. ನನಗೆ ನಲವತ್ತು ದಾಟಿ ಗಡ್ಡ ನರೆತಿದೆ. ಗೆಣ್ಣು ನಡುಗಿ ಇನ್ನೆರಡು ಸಲ ತಾಗಿತು. “ನಂಗೆ ನೀರು ಬೇಕು! ನಂಗೆ ನೀರು ಬೇಕು!”

“ಅಬ್ಬಬ್ಬಾ, ಎಷ್ಟು ಬಾಯಾರಿದೆ ನಮ್ಮ ಪುಟ್ಟನಿಗೆ!” ಮೇಡಂ ಲೋಟ ತುಂಬ ನೀರು ಕುಡಿಸಿದರು. ನಾನು ಕುಡಿದೆ. ಕುಡಿಯುತ್ತಲೇ ಹಲಗೆಯನ್ನು ಸಾಲು ಸಾಲಾಗಿ ನೋಡಿದೆ. ಬಾಗಿಲಿನ ಚಿತ್ರ ಇರಲಿಲ್ಲ. ಬೆಂಕಿಯದೂ ಇರಲಿಲ್ಲ.

ಅಕ್ಕ ಬಂದು ಹಲಗೆಯ ಗಾಜಿನ ಮೇಲೆ ಬೆರಳಾಡಿಸಿದಳು. ಗಾಜು ಅವಳಿಗೆ ಏನನ್ನೂ ಹೇಳಲಿಲ್ಲ. “ಮೇಡಂ, ಇದಕ್ಕೆ ಹೊಸ ಮಾತು ಸೇರ್ಸೋದು ಎಲ್ಲಿಂದ?”

“ಅದು ನಮ್ಮ ಆಫೀಸಿಂದ್ಲೇ ಆಗ್ಬೇಕಮ್ಮ. ಸಂಸ್ಥೆಯವರು ಕೇಳಿದ್ರೆ ಅಲ್ಲಿಂದ್ಲೇ ಹಾಕ್ತೀವಿ. ಬೇರೆ ಯಾರೂ ಮುಟ್ಟಬಾರ್ದು ಅಂತ ಲಾಕ್ ಮಾಡಿದೀವಿ. ನಿಮ್ಮ ಸೇಫ್ಟಿಗೇ.”

“ಇದಕ್ಕೂ ಬೀಗಾನಾ?” ಎಂದಳು ಅಕ್ಕ.

ಮೇಡಂಗೆ ಅರ್ಥವಾಗಲಿಲ್ಲ. ಅಕ್ಕ ಮುಂದುವರಿದಳು. “ಹಂಗಾದ್ರೆ ಬಾಗಿಲು ಅಂತ ಒಂದು ಚಿತ್ರ ಹಾಕ್ಸಿ.”

“ಬಾಗಿಲು ಯಾಕೆ ನಿನ್ನ ತಮ್ಮಂಗೆ?” ಮ್ಯಾನೇಜರ್ ನಡುವೆ ಬಂದ. “ಮಾವನ ಮನೆಗೆ ಹೋಗ್ಬೇಕಾ? ಹೆಣ್ಣು ನೋಡಿದ್ಯಾ?” ಮೇಡಂ ಮುಖ ತಗ್ಗಿಸಿ ಯಂತ್ರದ ವೈರು ಸುತ್ತತೊಡಗಿದರು.

ಕಾರ್ಖಾನೆ ಇನ್ಸ್‌ಪೆಕ್ಟರ್ ಬರುವ ದಿನ ಶಟರ್ ಪೂರ್ತಿ ಮೇಲೇರಿತ್ತು. ಬೀಗದ ಸುಳಿವಿಲ್ಲ. ನನ್ನ ಮೆಷಿನ್ನಿಗೆ ಹೂವಿನ ಬಟ್ಟೆ ಹೊದಿಸಿ ಮೂಲೆಗೆ ತಳ್ಳಿದ್ದರು. ನನಗೆ ಕ್ಷೌರ ಮಾಡಿಸಿ, ಇಸ್ತ್ರಿ ಮಾಡಿದ ಅಂಗಿ ತೊಡಿಸಿ, ಬಾಗಿಲ ಬಳಿಯೇ ಕೂರಿಸಿದ್ದರು. ಮ್ಯಾನೇಜರ್ ಕಿವಿಯ ಹತ್ತಿರ ಬಗ್ಗಿದ. “ಜೋಡಿಸಿದ ಕೈ. ಅದೊಂದೇ. ಬೇರೆ ಏನಾದ್ರೂ ಮುಟ್ಟಿದ್ಯೋ, ನಿನ್ನಕ್ಕನ ಗಂಟುಮೂಟೆ ರಸ್ತೇಲಿರುತ್ತೆ.”

ಇನ್ಸ್‌ಪೆಕ್ಟರ್ ಬಂದರು. ಜೊತೆಗೆ ಕಂಪನಿಯವರು, ಕ್ಯಾಮೆರಾದವನು. “ಈ ಯಂತ್ರ ಬಂದ್ಮೇಲೆ ಇವನ ಬಾಳೇ ಬದಲಾಯ್ತು ಸಾರ್,” ಎಂದು ಮ್ಯಾನೇಜರ್ ನನ್ನ ಹೆಗಲ ಮೇಲೆ ಕೈಯಿಟ್ಟ. “ಹೇಳಪ್ಪಾ ಪುಟ್ಟ, ಸಾಹೇಬ್ರಿಗೆ ಏನು ಹೇಳ್ತೀಯ?”

ಇದ್ದ ಚಿತ್ರಗಳಲ್ಲಿ ನನ್ನ ಮಾತಿಗೆ ಹತ್ತಿರದ್ದು ಅಳುವ ಮುಖವೊಂದೇ. ಅದನ್ನು ಒತ್ತಿದೆ.

“ನಂಗೆ ನೋವಾಗ್ತಿದೆ! ನಂಗೆ ನೋವಾಗ್ತಿದೆ! ನಂಗೆ ನೋವಾಗ್ತಿದೆ!”

“ಎಲ್ಲಪ್ಪ ನೋವು?” ಇನ್ಸ್‌ಪೆಕ್ಟರ್ ಬಗ್ಗಿದರು. ಕಣ್ಣಲ್ಲಿ ನಿಜವಾದ ಕನಿಕರವಿತ್ತು. ನಾನು ಬಲಗಾಲು ಎತ್ತಿ ಶಟರಿನ ಕಡೆ ಚಾಚಿದೆ.

“ಕಾಲು ನೋವು ಸಾರ್,” ಎಂದ ಮ್ಯಾನೇಜರ್.

ಮೂಲೆಯ ಮೆಷಿನ್ನಿನ ಕಡೆ ಚಾಚಿದೆ. “ನಂಗೆ ನೋವಾಗ್ತಿದೆ!”

“ನೋಡಿ, ಹೆಂಗೆ ಒದ್ದಾಡ್ತಾನೆ.”

“ಸಾಹೇಬ್ರೆ, ಅದು ಕಾಲುನೋವಲ್ಲ!” ಅಕ್ಕ ಹಿಂದಿನ ಗೋಡೆಯಿಂದ ಎದ್ದು, ಮೇಜುಗಳನ್ನು ತಡವುತ್ತ ಬರುತ್ತಿದ್ದಳು. “ಅವನ ಹಳೇ ಫೋನ್ ಕೊಡ್ಸಿ. ಅವನಿಗೇನು ಬೇಕೋ ಅವನೇ ಹೇಳ್ತಾನೆ. ಎರಡು ನಿಮಿಷ ಕಿವಿಗೊಡಿ, ಸಾಕು.”

“ಯಾವ ಫೋನ್ ರೀ ಅದು?”

“ಪುಕ್ಕಟೆ ಸಿಗೋ ಎಂಥದೋ ಆಪು ಸಾರ್. ಯಾರು ಮಾಡಿದ್ದೋ, ಎಲ್ಲಿಂದ ಬಂದದ್ದೋ. ಹೇಳೋಕೆ ನಾಚಿಕೆಯಾಗುತ್ತೆ, ಬಾಯಿ ಬಿಟ್ರೆ ಬರೀ ಸೂಳೆಮಗ, ಬೋಳಿಮಗ. ಹೆಣ್ಮಕ್ಕಳಿರೋ ಜಾಗ ನೋಡಿ. ಬೇಕಾದ್ರೆ ಇಲ್ಲಿ ಯಾರನ್ನಾದ್ರೂ ಕೇಳಿ.”

ಇನ್ಸ್‌ಪೆಕ್ಟರ್ ಸುತ್ತ ನೋಡಿದರು. ಬೈಗುಳ ಕೇಳಿ ನಕ್ಕಿದ್ದವರೆಲ್ಲ ನೆಲ ನೋಡಿದರು. ಸುಳ್ಳಾಗಿದ್ದರೆ ಇಲ್ಲ ಎನ್ನಬಹುದಿತ್ತು. “ಇವರ ಕೈಗೆ ಏನು ಕೊಡ್ಬೇಕು ಅಂತ ಸ್ವಲ್ಪ ನೋಡ್ಬೇಕಪ್ಪ,” ಎಂದು ಇನ್ಸ್‌ಪೆಕ್ಟರ್ ನೆಟ್ಟಗಾದರು. ಹಾಸ್ಟೆಲಿನ ನರ್ಸು ನೋವಿನ ಔಷಧಿ ತಂದಳು. ಮ್ಯಾನೇಜರ್ ನನ್ನ ದವಡೆಯನ್ನು ಮಗುವಿನದೆಂಬಂತೆ ಮೆಲ್ಲಗೆ ಹಿಡಿದು, ಹೆಬ್ಬೆರಳನ್ನು ಕೀಲಿಗೆ ಒತ್ತಿ ಬಾಯಿ ತೆರೆಸಿ ಸುರಿದ. ಕ್ಯಾಮೆರಾದವನು ಅದನ್ನೇ ತೆಗೆದುಕೊಂಡ.

ಮರುದಿನ ಬೆಳಿಗ್ಗೆ ಯಂತ್ರ ಹಚ್ಚಿದಾಗ ಅಳುವ ಮುಖ ಇರಲಿಲ್ಲ. ಆ ಜಾಗದಲ್ಲಿ ಬೂದು ಬಣ್ಣದ ಒಂದು ಚೌಕವಿತ್ತು. ಮುಟ್ಟಿದೆ. ಅದು ಸುಮ್ಮನಿತ್ತು.

ಅಕ್ಕನ ಅಂಗೈಗೆ ಗೆಣ್ಣು ಒತ್ತಿದೆ. “ಏನೋ? ಏನಾಯ್ತು? ನೋವಾ?” ಎರಡು ಸಲ ಒತ್ತಿದೆ, ಮತ್ತೆ ಎರಡು ಸಲ. “ನೋವಲ್ಲ… ಮತ್ತೇನು? ಚಿತ್ರ ತೆಗೆದುಬಿಟ್ರಾ?” ಒಮ್ಮೆ ಒತ್ತಿದೆ. ಕೈ ಆ ಒಂದು ಸಲ ನಡುಗಲಿಲ್ಲ. ಅಕ್ಕ ನನ್ನ ಬೆರಳುಗಳನ್ನು ಒಮ್ಮೆ ಒತ್ತಿ ಹಿಡಿದು ತನ್ನ ಗೋಡೆಗೆ ಹೋದಳು.

ಎಲ್ಲರೂ ಒಳಗೆ ಬಂದಾಗಿತ್ತು. ಮೂಲೆಯಿಂದ ತಂದ ಮೆಷಿನ್ನಿಗೆ ಕರೆಂಟು ಕೊಟ್ಟಾಗಿತ್ತು. ಹೂವಿನ ಬಟ್ಟೆ ಕೆಳಗೆ ಬಿದ್ದಿತ್ತು. ವಾಚ್‌ಮನ್ ಹೊರಗೆ ನಿಂತು ಕೊಕ್ಕೆ ಎತ್ತಿದ. ನಾನು ಬಲಗಾಲಿನಿಂದ ನೆಲ ಒದ್ದೆ. ಕುರ್ಚಿ ಹಿಂದಕ್ಕೆ ಹೋಯಿತು, ಶಟರ್ ಬಂದು ಕೂರುವ ಗೀಟಿನ ಮೇಲೆ ನಿಂತಿತು. ಕಾಲೂರಿದೆ.

“ಏ, ಸರಿಯಪ್ಪ ಒಳಗೆ,” ಎಂದ ವಾಚ್‌ಮನ್. “ಬೆಳಿಗ್ಗೆ ಬೆಳಿಗ್ಗೆ ನನಗೆ ಉಗಿಸಬೇಡ.”

ಸೈರನ್ ನೋಡಿದ. ಪೊಟ್ಟಣಗಳನ್ನು ಕೆಳಗಿಟ್ಟು ಬಂದು ನನ್ನ ಚಕ್ರಕ್ಕೆ ಬೆನ್ನು ಕೊಟ್ಟು ಕೂತ. ಅಷ್ಟರಲ್ಲಿ ಹೊರಗೆ ಮ್ಯಾನೇಜರ್ ಬಂದ.

“ಎಳಿಯೋ. ಏನು ನೋಡ್ತಾ ನಿಂತಿದ್ಯ?”

“ಸಾರ್, ಕುರ್ಚಿ ಅಡ್ಡ ಇದೆ.”

“ಎಳಿ ಅಂದೆ. ಮೈಮೇಲೆ ಬಂದ್ರೆ ನಾಯಿನೂ ಸರಿಯುತ್ತೆ.”

ಶಟರ್ ಗರಗರನೆ ಇಳಿಯತೊಡಗಿತು. ಸದ್ದು ಎಂದಿನಂತೆ ಒಂದೇ ಸಮ ಬರದೆ ತಡೆತಡೆದು ಬರುತ್ತಿದ್ದುದನ್ನು ಅಕ್ಕ ಗುರುತಿಸಿದಳೆಂದು ಕಾಣುತ್ತದೆ. ಮೇಜು ತಡವುತ್ತ, ಬಾಟಲಿಗಳನ್ನು ಉರುಳಿಸುತ್ತ ಬಂದಳು. ಅವಳ ಕೈಗೆ ಮೊದಲು ಸೈರನ್‌ನ ತಲೆ ಸಿಕ್ಕಿತು, ಆಮೇಲೆ ನನ್ನ ಹೆಗಲು.

“ನೀನಾ ಅಡ್ಡ ಇರೋದು?”

ಒಮ್ಮೆ ಒತ್ತಿದೆ.

“ಅಯ್ಯೋ ಮುಂಡೇದೇ,” ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಕುರ್ಚಿಯ ಪಕ್ಕ ಗೀಟಿನ ಮೇಲೆಯೇ ನಿಂತಳು. ಮೇಲೆ ಕಬ್ಬಿಣ ಮತ್ತೆ ಕಿರುಗುಟ್ಟಿತು. “ತಮ್ಮಾ, ಎಷ್ಟು ಕೆಳಗೆ ಬಂತೋ?”

ಅದು ನನಗೆ ಕಾಣುತ್ತಿತ್ತು. ಹೌದು, ಇಲ್ಲ ಎಂಬ ಎರಡರಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಅಕ್ಕ ಕೈಯೆತ್ತಿ ಗಾಳಿಯಲ್ಲಿ ಹುಡುಕಿದಳು. ತನ್ನ ಹಣೆಯಿಂದ ಒಂದು ಗೇಣು ಮೇಲೆ ಅಂಚು ಸಿಕ್ಕಿತು. ಅದರ ಕೆಳಗೆ ಅಂಗೈ ಕೊಟ್ಟಳು.

“ಅಕ್ಕಾ, ಕೈ ತೆಗಿ. ಬೆರಳು ಹೋಗ್ತವೆ,” ಎಂದ ವಾಚ್‌ಮನ್.

ಅಕ್ಕ ಇನ್ನೊಂದು ಕೈಯನ್ನೂ ಕೊಟ್ಟಳು. ಸೈರನ್ ಅವಳ ಕೈಗಳನ್ನು ನೋಡಿ ಎದ್ದು ತನ್ನ ಸುಟ್ಟ ಅಂಗೈಯನ್ನೂ ಇನ್ನೊಂದನ್ನೂ ಪಕ್ಕದಲ್ಲಿ ಇಟ್ಟ. ವಾಚ್‌ಮನ್ ಕೊಕ್ಕೆ ಬಿಟ್ಟು ಹಿಂದೆ ಸರಿದ. ಮ್ಯಾನೇಜರ್ ಅದನ್ನು ತಾನೇ ಹಿಡಿದು, ಒಂದು ಕಾಲನ್ನು ಗೋಡೆಗೆ ಒತ್ತಿ ಎಳೆದ. ಅಂಚು ಒಂದು ಬೆರಳಿನಷ್ಟು ಇಳಿಯಿತು. ನಾಲ್ಕು ಅಂಗೈಗಳು ಅದರ ಕೆಳಗೆ ಹಾಗೆಯೇ ಇದ್ದವು.