ಹನುಮಪ್ಪನ ಸಾಲು

ಕಳೆದ ಜೂನ್ ತಿಂಗಳ ಒಂದು ಸೋಮವಾರ, ಧಾರವಾಡದ ಮಾಳಮಡ್ಡಿಯಲ್ಲಿರುವ ಒಂದು ಟ್ರಸ್ಟಿನ ಕಚೇರಿಯಲ್ಲಿ ದೂರಗಾಮಿ ಪರಿಣಾಮದ ನಿರ್ಣಯವೊಂದು ಸರ್ವಾನುಮತದಿಂದ ಅಂಗೀಕಾರವಾಯಿತು: ಊರಿಗೊಂದರಂತೆ ಇರುವ ಎಕ್ಸೆಲ್ ಫೈಲುಗಳೆಲ್ಲ ಇನ್ನು ಮೇಲೆ ಸಿ.ಎಸ್.ವಿ. ಆಗತಕ್ಕದ್ದು. ಸಭೆಯಲ್ಲಿ ಮೂವರಿದ್ದರು. ಸಿ.ಎಸ್.ವಿ. ಎಂದರೇನೆಂದು ಒಬ್ಬಳಿಗೆ ಗೊತ್ತಿತ್ತು. ಸೂಚಿಸಿ ಅನುಮೋದಿಸಿದವರು ಉಳಿದಿಬ್ಬರು.

ಕೇಳಿಸದ ಬಡವರಿಗೆ ಕಿವಿ ಮಷೀನು ಕೊಡುವುದು ಟ್ರಸ್ಟಿನ ಕೆಲಸ. ವರ್ಷಕ್ಕೊಮ್ಮೆ ಮಷೀನಿನ ತಪಾಸಣೆ ನಡೆಯುತ್ತದೆ. ಅದಕ್ಕೆ ಎಲ್ಲರನ್ನೂ ಮೊಬೈಲ್ ಸಂದೇಶದಿಂದ ಕರೆಯಬೇಕೆಂದು ವ್ಯವಸ್ಥಾಪಕ ಶಶಿಕುಮಾರ ಆಸೆಪಟ್ಟಿದ್ದರು. ಸಂದೇಶ ಕಳಿಸುವ ಸಾಫ್ಟ್‌ವೇರ್ ಎಕ್ಸೆಲ್ ಮುಟ್ಟುವುದಿಲ್ಲ. ಬಣ್ಣವಿಲ್ಲದ, ಗೆರೆಯಿಲ್ಲದ, ಹೆಸರಿನ ಮುಂದೆ ಅಲ್ಪವಿರಾಮ ಹಾಕಿ ನಂಬರು ಬರೆದ ಬರೀ ಸಾಲುಗಳೇ ಅದಕ್ಕೆ ಬೇಕು. ಅದೇ ಸಿ.ಎಸ್.ವಿ.

"ಒಂದೊಂದ ತಗದು, ನೋಡಿ, ಮಾಡ್ತೇನಿ ತಗೋರಿ," ಎಂದರು ಹಳೆಯ ಗುಮಾಸ್ತ ಗುರುಸಿದ್ದಯ್ಯ.

"ಅಷ್ಟರಾಗ ದಸರಾ ಬರತೈತ್ರಿ ಕಾಕಾ," ಎಂದಳು ಶಾಯಿಸ್ತಾ. ಉಣಕಲ್ಲಿನ ಹುಡುಗಿ, ಕಂಪ್ಯೂಟರಿನ ಕೆಲಸಕ್ಕೆ ಆಗಷ್ಟೇ ಸೇರಿದವಳು. "ನಾ ಒಂದು ಪ್ರೋಗ್ರಾಮ್ ಬರೀತೇನಿ. ಫೋಲ್ಡರ್ ತೋರಿಸಿದ್ರ ಸಾಕು, ಒಂದರ ಹಿಂದ ಒಂದು ತಾನ ಮಾಡ್ಕೋಂತ ಹೋಗತೈತಿ."

"ಯಾರೂ ನೋಡಂಗಿಲ್ಲೇನು ಹಂಗಾದ್ರ?"

"ನೀವು ನೋಡ್ಕೋಂತ ಕುಂದ್ರರಿ. ನಾ ಚಾ ಹೇಳ್ತೇನಿ."

ಚಹಾ ಬರುವಷ್ಟರಲ್ಲಿ ಅಮ್ಮಿನಬಾವಿಯಿಂದ ಹೆಬ್ಬಳ್ಳಿಯವರೆಗಿನ ಊರುಗಳೆಲ್ಲ ಸಿ.ಎಸ್.ವಿ. ಆಗಿದ್ದವು. ಎಕ್ಸೆಲ್ಲಿನಲ್ಲಿ ಎಷ್ಟು ಸಾಲೋ ಇಲ್ಲಿಯೂ ಅಷ್ಟೇ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಸಂಜೆಯೊಳಗೆ ಸಂದೇಶಗಳು ಹೋದವು. ಅದರ ಒಕ್ಕಣೆ ಶಶಿಕುಮಾರರದು: ಗುರುವಾರ ಖುದ್ದಾಗಿ ಹಾಜರಾಗತಕ್ಕದ್ದು, ಗೈರಾದಲ್ಲಿ ಮಷೀನು ವಾಪಸು ಪಡೆಯಲಾಗುವುದು.

ಮರುದಿನ ಮೊದಲ ಫೋನು ಶಾಬುದ್ದೀನ ಎಂಬವರದು.

"ನಮ್ಮ ಅಬ್ಬಾಗ ಖುದ್ದಾಗಿ ಬಾ ಅಂದೀರಲ್ರಿ, ಹೆಂಗ ಬರಬೇಕು?"

"ನಡ್ಯಾಕ ಆಗದಿದ್ರ ಆಟೋದಾಗ ಕರಕೊಂಡ ಬರ್ರಿ," ಎಂದಳು ಶಾಯಿಸ್ತಾ.

"ಗೋರಿಯಿಂದೇನ್ರಿ?"

ಅವಳು ಫೋನಿಟ್ಟು ಗುರುಸಿದ್ದಯ್ಯನವರ ಮೇಜಿಗೆ ಹೋದಳು. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಸತ್ತವರನ್ನ ನಾ ಅಳಸಂಗಿಲ್ಲ, ತಂಗಿ. ಹೈಡ್ ಮಾಡಿ ಇಡ್ತೇನಿ. ಕಾಣಂಗಿಲ್ಲ, ಆದ್ರ ಇರ್ತಾರ."

"ಯಾಕ್ರಿ?"

"ಈ ಕೈಯಿಂದ ಮಷೀನ ಕೊಟ್ಟೇನಿ. ಅದ ಕೈಲೆ ಡಿಲೀಟ್ ಒತ್ತೂದು ಅಂದ್ರ... ಆಗಂಗಿಲ್ಲ."

"ಮದ್ಲ ಹೇಳಬಾರದೇನ್ರಿ ಕಾಕಾ?"

"ಆಫೀಸಿನಾಗ ಎಲ್ಲಾರಿಗೂ ಗೊತ್ತೈತಲ್ಲ!"

ಎಲ್ಲರೂ ಎಂದರೆ ಅವರು ಮತ್ತು ಎಂದೋ ನಿವೃತ್ತನಾಗಿ ಹೋದ ಸೋಮಪ್ಪ. ಎಕ್ಸೆಲ್ಲಿನಲ್ಲಿ ಮರೆಮಾಡಿದ ಸಾಲು ಮನುಷ್ಯರ ಕಣ್ಣಿಗಷ್ಟೇ ಮರೆ. ಶಾಯಿಸ್ತಾಳ ಪ್ರೋಗ್ರಾಮಿಗೆ ಕಣ್ಣಿರಲಿಲ್ಲ. ಇದ್ದವರನ್ನೂ ಹೋದವರನ್ನೂ ಅದು ಸಮನಾಗಿ ಕರೆದಿತ್ತು.

"ಆತು, ಮತ್ತ ಹೈಡ್ ಮಾಡಿಬಿಡು ಅಲ್ಲೆ," ಎಂದರು ಗುರುಸಿದ್ದಯ್ಯ.

"ಸಿ.ಎಸ್.ವಿ.ಯಾಗ ಹೈಡ್ ಅನ್ನೂದ ಇಲ್ರಿ. ಇದ್ರ ಇರ್ತಾರ, ಇಲ್ಲಂದ್ರ ಇಲ್ಲ. ಬೇಕಾದ್ರ ಹೈಡ್ ಮಾಡಿದ ಸಾಲು ಬಿಟ್ಟು ಮುಂದ ಹೋಗು ಅಂತ ಪ್ರೋಗ್ರಾಮಿಗೆ ಹೇಳ್ತೇನಿ."

ಹೇಳಿದಳು. ಅದು ಮುಂದಿನ ವರ್ಷಕ್ಕಾಯಿತು. ಹೋದ ಸಂದೇಶ ಹೋಗಿಯಾಗಿತ್ತು.

ಗುರುವಾರ ಹಲವು ಮನೆಗಳವರು ಮಷೀನನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದು ಮೇಜಿನ ಮೇಲಿಟ್ಟು ಹೋದರು. ಅಮ್ಮಿನಬಾವಿಯ ಅಕ್ಕವ್ವ ಮಾತ್ರ ಕಿವಿಯಲ್ಲೇ ಹಾಕಿಕೊಂಡು ಬಂದಿದ್ದಳು. ಸೆರಗಿನಿಂದ ಕಿವಿ ಮುಚ್ಚಿಕೊಂಡು ಬಾಗಿಲಲ್ಲೇ ನಿಂತಳು.

"ಹನುಮಪ್ಪ ಅಂತ ಕರದ್ರಿ. ಅವರಿಲ್ರಿ, ಹೋಗಿ ಎರಡ ವರ್ಷಾತು. ಅದಕ ನಾ ಬಂದೇನಿ. ಗೈರಹಾಜರಿ ಹಾಕಬ್ಯಾಡ್ರಿ ಅವರಿಗೆ."

"ಮಷೀನ ಅವರದಲ್ಲಬೇ?" ಎಂದರು ಶಶಿಕುಮಾರ.

"ಏನಂದ್ರಿ?"

ಅವರು ಕೂಗಿ ಹೇಳಿದರು. ಅವಳ ಕೈ ಕಿವಿಗೆ ಹೋಯಿತು.

"ತಗೋಬ್ಯಾಡ್ರೀ ಸಾಹೇಬ್ರ. ಇದಿಲ್ಲಂದ್ರ ಮನ್ಯಾಗ ನಾ ಏನೂ ಕೇಳದ ಗ್ವಾಡಿ ಆಕ್ಕೇನಿ. ಮೊಮ್ಮಗಳು ಮಾತು ಕಲಿಯಾಕತ್ತಾಳ."

ಮಷೀನು ಕೀರಲು ದನಿಯಲ್ಲಿ ಸಿಳ್ಳೆ ಹಾಕಿತು. ಗಂಡನ ಕಿವಿಯ ಅಳತೆಗೆ ತೆಗೆದ ಅಚ್ಚು ಅವಳ ಕಿವಿಗೆ ಕೂರದೆ ಸಂದಿ ಉಳಿದಿತ್ತು. ಸುತ್ತ ಅರಳೆ ತುರುಕಿದ್ದಳು.

"ಸಿಳ್ಳಿ ಹಾಕತೈತ್ರಿ," ಎಂದಳು ಅಕ್ಕವ್ವ. "ಅವರೂ ಹಾಕತಿದ್ರು, ಹೊಲದಾಗ ನಿಂತು."

ಶಶಿಕುಮಾರ ನಿಯಮಗಳ ಕಡತ ತರಿಸಿ ಓದಿದರು. ರೋಗಿ ತೀರಿಕೊಂಡರೆ ಮಷೀನು ಟ್ರಸ್ಟಿಗೆ ಮರಳಬೇಕು. ಗಂಡ ಹೆಂಡಿರಲ್ಲಿ ಉಳಿದವರಿಗೂ ಕೇಳಿಸದಿದ್ದರೆ ಮಾತ್ರ, ಮೃತರ ಹೆಸರು ಕಡಿಮೆ ಮಾಡಿ, ಹೊಸ ಅಚ್ಚು ತೆಗೆದು, ಅವರ ಹೆಸರಿಗೇ ಕೊಡಬಹುದು. ಈ ನಿಯಮವನ್ನು ಟೈಪು ಮಾಡಿದವರು ಗುರುಸಿದ್ದಯ್ಯನವರೇ.

ಯಾರೂ ಅವರತ್ತ ನೋಡಲಿಲ್ಲ. ಹನುಮಪ್ಪನನ್ನು ಅಂದೇ ಅಳಿಸಿದ್ದರೆ ಈ ಹೆಣ್ಣುಮಗಳು ಎರಡು ವರ್ಷ ಅರಳೆ ತುರುಕಿಕೊಂಡು ಅರ್ಧಂಬರ್ಧ ಕೇಳಬೇಕಿರಲಿಲ್ಲ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಲೂ ಇಲ್ಲ.

"ಒಂದು ಮಷೀನಿಗೆ ಎರಡು ಹೆಸರು ನಡೆಯಂಗಿಲ್ಲ," ಎಂದರು ಶಶಿಕುಮಾರ ಮೆಲ್ಲಗೆ. "ಹನುಮಪ್ಪನ್ನ ತಗೀಬೇಕಾಗತೈತಿ."

"ನಾ ತಗೀಲೇನ್ರಿ ಕಾಕಾ?" ಎಂದಳು ಶಾಯಿಸ್ತಾ.

"ಬ್ಯಾಡ."

ಗುರುಸಿದ್ದಯ್ಯ ಅಕ್ಕವ್ವನ ಕಡೆ ತಿರುಗಿದರು. ಅವಳಿಗೆ ಕೇಳಿಸಬೇಕಾದರೆ ಗಟ್ಟಿಯಾಗಿ ಕೇಳಬೇಕು. ಹೀಗಾಗಿ ಹೊರಗೆ ಕೂತವರಿಗೂ ಕೇಳಿಸಿತು.

"ಅಕ್ಕವ್ವಾ, ಯಜಮಾನರ ಹೆಸರು ಅಳಸಲೇನು?"

ಅವಳು ಅವರ ಮುಖವನ್ನೇ ನೋಡಿದಳು.

"ಅಳಸಿದ್ರ ನನಗ ಛಲೋ ಕೇಳತೈತೇನ್ರಿ ಅಯ್ಯನೋರ?"

"ಕೇಳತೈತಿ."

"ಅಳಸ್ರಿ ಹಂಗಾರ. ಅವರ ಏನೂ ಅನ್ನಂಗಿಲ್ಲ." ಕಿವಿಯ ಮೇಲಿನ ಸೆರಗು ಸರಿಸಿ ಹೇಳಿದಳು: "ಅಂದ್ರೂ ನನಗ ಕೇಳಸ್ತೈತಲ್ಲ."

ಗುರುಸಿದ್ದಯ್ಯ ಅಮ್ಮಿನಬಾವಿಯ ಫೈಲು ತೆರೆದು ಮರೆಯಾದ ಸಾಲನ್ನು ಬಿಚ್ಚಿದರು. ಹನುಮಪ್ಪ, ಎಡಗಿವಿ, ಮಷೀನಿನ ನಂಬರು. ಒತ್ತಿದರು. ಖರೇನಾ ಎಂದು ಎಕ್ಸೆಲ್ ಕೇಳಲಿಲ್ಲ. ಕೆಳಗಿನ ಸಾಲು ಮೇಲೆ ಬಂತು. ಕೊನೆಗೊಂದು ಹೊಸ ಸಾಲಿನಲ್ಲಿ ಅಕ್ಕವ್ವನ ಹೆಸರು, ಅದೇ ಮಷೀನಿನ ನಂಬರು ಬರೆದರು.

ಅಚ್ಚು ತೆಗೆಯಲು ಅಕ್ಕವ್ವನನ್ನು ಒಳಕೋಣೆಗೆ ಕರೆದುಕೊಂಡು ಹೋದರು. ಶಾಯಿಸ್ತಾ ಪ್ರೋಗ್ರಾಮನ್ನು ಇನ್ನೊಮ್ಮೆ ಓಡಿಸಿದಳು. ಮಷೀನು ಅಕ್ಕವ್ವನ ಹೆಸರಿಗಾಯಿತು.