ಎರಡು ಬೀಪ್

ಒಳಗಿವಿಗೆ ಸೋಂಕಾಗಿ ಬಹಳ ದಿನ ನನಗೆ ತಲೆ ತಿರುಗುತ್ತಿತ್ತು. ಗುಣವಾದ ಮೇಲೂ ಡಿಪೋದವರು ಬಸ್ ಹತ್ತಗೊಡಲಿಲ್ಲ. ನಿಂತರೆ ಬೀಳುವುದಿಲ್ಲವೆಂದು ರಾಯಚೂರಿನ ಆಸ್ಪತ್ರೆಯಿಂದ ರಿಪೋರ್ಟ್ ತಾ, ಇಲ್ಲವಾದರೆ ಆಫೀಸಿನಲ್ಲಿ ಕೂತು ಕೆಲಸ ಮಾಡು ಅಂದರು. ಮಗಳು ಕಾವ್ಯಾ ಕೂಡ ಕುರ್ಚಿಯೇ ವಾಸಿ ಅಂದಳು. ನನಗೆ ಕುರ್ಚಿ ಬೇಡ. ದೇವದುರ್ಗ–ಮಾನ್ವಿ ಬಸ್ಸಿನ ಕಂಡಕ್ಟರ್ ನಾನು. ನಿಂತೇ ಮಗಳನ್ನು ಸಾಕಿದವಳು.

ಆಸ್ಪತ್ರೆಯಲ್ಲಿ ತೂಕದ ಯಂತ್ರದಂಥ ಒಂದು ಹಲಗೆ. ಅದರ ಕೆಳಗೆ ಸೆನ್ಸರ್‌ಗಳಿವೆ, ಮೈ ಎತ್ತ ವಾಲಿದರೂ ಪರದೆಯ ಮೇಲೆ ಗೆರೆ ಬೀಳುತ್ತದೆ ಎಂದು ಪರೀಕ್ಷೆ ಮಾಡುವ ಮುಕರ್ರಂ ಹೇಳಿದ. ಚಪ್ಪಲಿ ಬಿಟ್ಟು, ಪಾದ ಜೋಡಿಸಿ, ಕಣ್ಣು ಮುಚ್ಚಿ ನಿಂತೆ. ಯಂತ್ರ ಬೀಪ್ ಬೀಪ್ ಎಂದು ಶುರುವಾಯಿತು. ಎಷ್ಟು ಸಲ ನಿಂತರೂ ರಿಪೋರ್ಟ್ ಕೆಂಪು, ಅಂದರೆ ಫೇಲು.

"ಅಕ್ಕಾ, ಶುರುವಾದ ಕೂಡ್ಲೇ ಮುಂದಕ್ಕ ಯಾಕ ವಾಲ್ತೀರಿ? ಆಮ್ಯಾಲೆ ಸುಮ್ನ ನಿಂದರ್ತೀರಿ," ಎಂದ ಮುಕರ್ರಂ.

ಆಗ ಹೊಳೆಯಿತು. ನಾವು ಎರಡು ಸೀಟಿ ಊದಿದರೆ ಬಸ್ ಹೊರಡುತ್ತದೆ. ಅದು ಹಿಂದಕ್ಕೆ ಜಗ್ಗುವ ಮೊದಲೇ ಮೈ ತಾನಾಗಿ ಮುಂದಕ್ಕೆ ಬಾಗಿರುತ್ತದೆ. ಎರಡು ಬೀಪ್ ಕೇಳಿದ ನನ್ನ ಕಾಲುಗಳು ಬಸ್ ಬಿಟ್ಟಿತು ಅಂದುಕೊಂಡಿದ್ದವು.

ಹೇಳಿದೆ. ಮುಕರ್ರಂ ನಕ್ಕ. ಆದರೆ ನಿಮ್ಮ ಸರದಿ ಮುಗಿಯಿತು, ಹಿಂದೆ ಜನ ಇದ್ದಾರೆ, ಮುಂದಿನ ತಿಂಗಳು ಬರ್ರಿ, ಈಗ ಇಳೀರಿ ಅಂದ. ಮುಂದಿನ ತಿಂಗಳ ಹೊತ್ತಿಗೆ ನನ್ನ ಬಸ್ಸು ಇನ್ನೊಬ್ಬರ ಪಾಲು.

"ಇಳಿಯಂಗಿಲ್ಲ," ಅಂದೆ. "ಎಂಥೆಂಥಾ ಕುಡುಕರನ್ನ ಬಸ್ಸಿಂದ ಇಳಿಸೀನಿ, ತಮ್ಮಾ. ನನ್ನ ಇಳಿಸಾಕ ನಿನ್ನ ಕೈಲೆ ಆಗಂಗಿಲ್ಲ. ಆ ಸಪ್ಪಳ ಬಂದ್ ಮಾಡಿ ಮತ್ತ ನೋಡು."

ನನ್ನ ಹಿಂದೆ ಕೋಲೂರಿ ಕಾಯುತ್ತಿದ್ದ ಗುಲ್ಶನ್ ಬೇಗಂ ಬೈಯುತ್ತಾಳೆ ಅಂದುಕೊಂಡೆ. ಆಕೆ ಬೆಂಚಿನ ಮೇಲೆ ಆರಾಮಾಗಿ ಕೂತುಬಿಟ್ಟಳು. "ನಿಂದ್ರಲಿ ಬಿಡಪ್ಪಾ. ನಿಂದ್ರೂದು ನೋಡಾಕ ಅಲ್ಲೇನು ನೀ ಇಲ್ಲಿ ಕುಂತಿದ್ದು?"

ಮುಕರ್ರಂ ಸದ್ದು ನಿಲ್ಲಿಸಿದ. ಕಣ್ಣು ಮುಚ್ಚಿದೆ. ಹಳೆಯ ತಲೆಸುತ್ತು ಸಣ್ಣಗೆ ಸುಳಿಯಿತು, ಸುಳ್ಳು ಯಾಕೆ ಹೇಳಲಿ. ಹೆಬ್ಬೆರಳು ಒತ್ತಿ ಹಿಡಿದೆ. ಗೆರೆ ನಡುಗಿತಂತೆ, ಗಡಿ ದಾಟಲಿಲ್ಲ.

ಹೊಸ ರಿಪೋರ್ಟ್ ಕೊಟ್ಟು, ಕೆಂಪಿನದನ್ನು ಹರಿದು ಹಾಕಲೇ ಎಂದು ಕೇಳಿದ. ಕೈ ಚಾಚಿದೆ.

"ಕೊಡು. ಅದೂ ನಂದ. ಡಿಪೋದಾಗ ಎರಡೂ ಇಟ್ಟು ಬಿಡಿಸಿ ಹೇಳ್ತೀನಿ. ಕುರ್ಚಿ ಕೊಟ್ರೂ ಕುಂದ್ರಂಗಿಲ್ಲ, ನಿಂತ ಹೇಳ್ತೀನಿ."